ಪಹಣಿ ಸರಿಯಾಗೇ ಇದೆ, ತೂಬು ಕೆಟ್ಟಿದೆ

ಪಾಂಡವಪುರದ ಹತ್ರ ನಮ್ಮ ಸೋದರಮಾವನ ಮನೆ. ಹಬ್ಬಕ್ಕೆ ಹೋಗಿದ್ದೆ, ಮುದ್ದೆ ಊಟ ಆಗಿ ಜಗಲಿ ಮೇಲೆ ಕೂತಿದ್ವಿ, ಮಾವ ಎಂದಿನಂಗೆ ಸಂಚಿ ಬಿಚ್ಚಿ ಚಿಗುರೆಲೆಗೆ ಸುಣ್ಣ ಸವರಿ ಅಡಿಕೆ ಹಾಕಿ ಮೇಲೊಂದ್ ಚೂರು ಹೊಗೆಸೊಪ್ಪು ಇಟ್ಟು ದವಡೆ ಸಂದಿಗೆ ತುರುಕ್ಕೊಂಡ್ರು. ನಾನು ಮೈಸೂರಲ್ಲಿ ಪಿಯುಸಿ ಹುಡುಗ್ರಿಗೆ ಬಯಾಲಜಿ ಪಾಠ ಮಾಡೋನು, ಬಾಯಿ ಸುಮ್ನಿರಬೇಕಲ್ಲ, "ಮಾವ, ಅದನ್ನ ಬುಟ್ಬುಡಿ, ಬಾಯಿ ಕ್ಯಾನ್ಸರ್ ಬತ್ತದೆ" ಅಂದೆ. ಅವರು ಪಿಚಕ್ ಅಂತ ಉಗಿದು, "ಬರೋದಿದ್ರೆ ಹಣೇಲ್ ಬರ್ದಿರ್ತದೆ ಕಣ್ಲಾ. ನೀನೇ ಯೋಳಿದ್ದಲ್ವಾ ಎಲ್ಲಾ ಜೀನಲ್ಲೇ ಇರ್ತದೆ ಅಂತ?" ಅಂದ್ರು.

ನಾನು ಹೇಳಿದ್ದು ನಿಜಾನೇ, ಅದೇ ತೊಂದ್ರೆ. ಜೀನ್ ಅನ್ನೋದನ್ನ ನಾವು ಹಣೆಬರಹಕ್ಕೆ ಇನ್ನೊಂದ್ ಹೆಸರು ಅನ್ನೋ ಥರ ಹೇಳ್ಕೊಂಡ್ ಬಂದಿದ್ದೀವಿ, ಕ್ಲಾಸಲ್ಲೂ ಅಷ್ಟೇ ಟಿವಿಲೂ ಅಷ್ಟೇ. ಅರ್ಧ ಕಥೆ ಅದು. ಇನ್ನರ್ಧ ಕಥೆ ಹೇಳೋಕೆ ಅವತ್ತು ನಂಗೆ ಸಿಕ್ಕಿದ್ದು ಮಾವನ ಗದ್ದೇನೇ.

"ಮಾವ, ನಿಮ್ ಪಹಣಿಲಿ ಎಷ್ಟ್ ಎಕರೆ ಐತೆ?"

"ಎಲ್ಡೂವರೆ."

"ಪಹಣಿ ಏನಾದ್ರೂ ಬದ್ಲಾಗದಾ?"

"ಅದ್ಯಾಕ್ ಬದ್ಲಾಯ್ತದೆ, ನಮ್ಮಪ್ಪನ ಕಾಲದಿಂದ ಅಂಗೇ ಐತೆ."

"ಮತ್ತೆ ಆ ವರ್ಷ ಭತ್ತ ಯಾಕ್ ಒಣಗೋಯ್ತು?"

"ಅಯ್ಯೋ, ಆ ನೀರುಗಂಟಿ ಬಡ್ಡಿಮಗ ತೂಬೇ ತೆಗೀಲಿಲ್ವಲ್ಲೋ!"

ಇದೇ ಎಪಿಜೆನೆಟಿಕ್ಸ್ ಅಂದೆ. ಮಾವಂಗೆ ಹೆಸರು ಬಾಯಿಗೆ ಬರ್ಲಿಲ್ಲ ಆದ್ರೆ ವಿಷಯ ಹತ್ತು ನಿಮಿಷದಲ್ಲಿ ತಲೆಗೆ ಹೋಯ್ತು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಜಾಸ್ತಿ ವಿವರ ಹಾಕಿ ಇಲ್ಲಿ ಬರೀತಿದ್ದೀನಿ.

ಡಿಎನ್‌ಎ ಅನ್ನೋದು ಪಹಣಿ. ನಮ್ಮ ಒಂದೊಂದು ಜೀವಕೋಶದೊಳಗೂ ಬಿಡಿಸಿ ಎಳೆದ್ರೆ ಸುಮಾರು ಎರಡು ಮೀಟರ್ ಉದ್ದ ಆಗೋ ಡಿಎನ್‌ಎ ಇದೆ, ಅದ್ರಲ್ಲಿ ಪ್ರೋಟೀನ್ ತಯಾರಿಸೋ ಜೀನ್‌ಗಳು ಸುಮಾರು 20,000. ಕಣ್ಣಿನ ಕೋಶದಲ್ಲೂ ಅದೇ 20,000, ಲಿವರ್ ಕೋಶದಲ್ಲೂ ಅದೇ 20,000, ಹಿಮ್ಮಡಿ ಚರ್ಮದಲ್ಲೂ ಅದೇ. ಹಂಗಾದ್ರೆ ಲಿವರ್ ಯಾಕೆ ನೋಡಲ್ಲ, ಕಣ್ಣು ಯಾಕೆ ಪಿತ್ತರಸ ಸುರಿಸಲ್ಲ? ಯಾಕಂದ್ರೆ ಒಂದೊಂದು ಕಡೆ ಒಂದೊಂದು ತೂಬು ತೆರೆದಿರುತ್ತೆ, ಮಿಕ್ಕಿದ್ದು ಮುಚ್ಚಿರುತ್ತೆ. ಈ ತೆರೆಯೋ ಮುಚ್ಚೋ ವ್ಯವಸ್ಥೆಗೆ ಎಪಿಜೆನೆಟಿಕ್ಸ್ ಅಂತ ಹೆಸರು. ಕಾನ್ರಾಡ್ ವಾಡಿಂಗ್ಟನ್ ಅನ್ನೋ ಬ್ರಿಟಿಷ್ ವಿಜ್ಞಾನಿ 1942ರಲ್ಲಿ ಈ ಪದ ಬಳಕೆಗೆ ತಂದ್ರು, ಆಗ ಡಿಎನ್‌ಎ ನೋಡಕ್ಕೆ ಹೆಂಗಿದೆ ಅಂತಾನೂ ಯಾರಿಗೂ ಗೊತ್ತಿರ್ಲಿಲ್ಲ, ಅದು ಗೊತ್ತಾಗಿದ್ದು 1953ರಲ್ಲಿ. ಗ್ರೀಕಲ್ಲಿ ಎಪಿ ಅಂದ್ರೆ ಮೇಲೆ. ಜೀನ್ ಮೇಲಿನ ಕಾರುಬಾರು ಅಂದ್ಕೊಳ್ಳಿ.

ತೂಬು ಮುಚ್ಚೋದು ಹೆಂಗೆ? ಮುಖ್ಯವಾಗಿ ಎರಡು ಥರ. ಒಂದು, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ ಅನ್ನೋದಕ್ಕೆ, ಅದ್ರಲ್ಲೂ ಸಿ ಪಕ್ಕದಲ್ಲಿ ಜಿ ಬರೋ ಕಡೆ, ಮೀಥೈಲ್ ಅನ್ನೋ ಒಂದು ಪುಟಾಣಿ ಬೆಣೆ ಬಡಿಯೋದು. ಒಂದು ಕಾರ್ಬನ್ ಮೂರು ಹೈಡ್ರೋಜನ್, ಅಷ್ಟೇ ಅದರ ಗಾತ್ರ. ಜೀನ್ ಶುರುವಾಗೋ ಜಾಗದಲ್ಲಿ ಇಂಥ ಬೆಣೆ ಸಾಲಾಗಿ ಬಿದ್ರೆ ಆ ಜೀನ್ ಬಂದ್. ಅಕ್ಷರ ಒಂದೂ ಬದಲಾಗಿಲ್ಲ, ಓದೋಕಾಗಲ್ಲ ಅಷ್ಟೇ. ಎರಡನೇದು ಸುತ್ತೋ ಬಿಗಿ. ಎರಡು ಮೀಟರ್ ದಾರ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದೊಳಗೆ ಹಿಡೀಬೇಕಲ್ಲ, ಅದಕ್ಕೆ ಹಿಸ್ಟೋನ್ ಅನ್ನೋ ಪ್ರೋಟೀನ್ ಉರುಳೆಗಳಿಗೆ ಡಿಎನ್‌ಎ ಸುತ್ಕೊಂಡಿರುತ್ತೆ, ಒಂದೊಂದು ಉರುಳೆಗೆ ಸುಮಾರು 147 ಅಕ್ಷರದುದ್ದ. ಉರುಳೆಗೆ ಅಸಿಟೈಲ್ ಅನ್ನೋ ಗುರುತು ಬಿದ್ರೆ ಸುತ್ತು ಸಡಿಲ ಆಗಿ ಜೀನ್ ಓದಿಸ್ಕೊಳ್ಳುತ್ತೆ, ಆ ಗುರುತು ಕಿತ್ರೆ ಮತ್ತೆ ಬಿಗಿ. ಇನ್ನೂ ಹತ್ತಾರು ಥರದ ಗುರುತುಗಳಿವೆ, ಅದೆಲ್ಲಾ ಇಲ್ಲಿ ಬೇಡ.

ನಂಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಜೇನಿಂದು. ರಾಣಿ ಜೇನಿಗೂ ಕೆಲಸಗಾರ ಜೇನಿಗೂ ಪಹಣಿ ಒಂದೇ ಥರ, ಊಟ ಬೇರೆ, ರಾಣಿ ಆಗೋ ಮರಿಗೆ ರಾಯಲ್ ಜೆಲ್ಲಿ ಸುರಿದು ಸಾಕ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಏನ್ ಮಾಡಿದ್ರು ಅಂದ್ರೆ, ಮರಿಗಳಲ್ಲಿ ಮೀಥೈಲ್ ಬೆಣೆ ಬಡಿಯೋ ಕಿಣ್ವದ ಕೈ ಕಟ್ಟಿಹಾಕಿದ್ರು, ಹೆಚ್ಚಿನವು ರಾಣಿ ಥರಾನೇ ಬೆಳೆದ್ವು. ಅಂದ್ರೆ ಊಟ ಹೋಗಿ ತೂಬಿನ ಮೇಲೆ ಕೆಲಸ ಮಾಡ್ತಿದೆ. ಮನುಷ್ಯರಲ್ಲೂ ತೂಬು ಇದ್ದಂಗೇ ಇರಲ್ಲ, 2005ರಲ್ಲಿ ಸ್ಪೇನಿನವರು ಒಂದೇ ರೂಪಿನ ಅವಳಿಗಳನ್ನ ನೋಡಿದಾಗ ಮೂರು ವರ್ಷದ ಅವಳಿಗಳ ಗುರುತುಗಳು ಹೆಚ್ಚುಕಮ್ಮಿ ಒಂದೇ ಥರ ಇದ್ವು, ಐವತ್ತು ವರ್ಷದವರದ್ದು ಸಿಕ್ಕಾಪಟ್ಟೆ ಬೇರೆ ಆಗೋಗಿದ್ವು.

ಇನ್ನೊಂದ್ ವಿಷಯ ಇದ್ರಲ್ಲಿ ಮುಖ್ಯ, ಇದು ಬಿಟ್ರೆ ಕ್ಯಾನ್ಸರ್ ಅರ್ಥ ಆಗಲ್ಲ. ಕೋಶ ಒಡೆದು ಎರಡಾಗುವಾಗ ತೂಬಿನ ಸ್ಥಿತೀನೂ ನಕಲಾಗುತ್ತೆ, ಅದಕ್ಕೇ ಅಂತ ಒಂದು ಕಿಣ್ವ ಇದೆ, ಹಳೇ ಎಳೇಲಿ ಎಲ್ಲೆಲ್ಲಿ ಬೆಣೆ ಇದೆ ನೋಡಿ ಹೊಸ ಎಳೇಲೂ ಅಲ್ಲಲ್ಲೇ ಬಡಿಯುತ್ತೆ. ಮಾವಂಗೆ ಇದನ್ನ ಕೂಳೆ ಕಬ್ಬಿನ ಮೇಲೆ ಹೇಳ್ದೆ. ನಾಟಿ ಕಬ್ಬಲ್ಲಿ ಕಾಡಿಗೆ ರೋಗ ಸೇರ್ಕೊಂಡ್ರೆ ಕಡಿದ ಮೇಲೆ ಬರೋ ಕೂಳೇಲಿ ಅದು ಇನ್ನೂ ಜೋರಾಗಿ ಬರುತ್ತಲ್ಲ, ಹಂಗೆ ಒಂದು ಕೋಶದಲ್ಲಿ ತಪ್ಪಾಗಿ ಮುಚ್ಚಿದ ತೂಬು ಅದರ ಮಕ್ಕಳು ಮೊಮ್ಮಕ್ಕಳ ಕೋಶಕ್ಕೂ ಹೋಗುತ್ತೆ. (ರೋಗದ್ದು ಶಿಲೀಂಧ್ರ, ಇಲ್ಲಿ ಅಂಥದ್ದೇನಿಲ್ಲ, ಹೋಲಿಕೆ ಅಷ್ಟಕ್ಕೇ.)

ಈಗ ಕ್ಯಾನ್ಸರ್‌ಗೆ ಬರೋಣ. ಕ್ಯಾನ್ಸರ್ ಅಂದ್ರೆ ಕೋಶ ಯಾರ ಮಾತೂ ಕೇಳ್ದೆ ಒಡೀತಾ ಹೋಗೋದು. ಅದನ್ನ ತಡೆಯೋಕೆ ಅಂತಾನೇ ನಮ್ಮಲ್ಲಿ ಬ್ರೇಕ್ ಜೀನ್‌ಗಳಿವೆ. ಒಂದೊಂದು ಜೀನಿಗೂ ಎರಡು ಪ್ರತಿ, ಅಪ್ಪಂದೊಂದು ಅಮ್ಮಂದೊಂದು. 1971ರಲ್ಲಿ ಆಲ್ಫ್ರೆಡ್ ಕ್ನೂಡ್ಸನ್ ಅನ್ನೋ ಡಾಕ್ಟರ್ ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕಿ ಎರಡು ಪೆಟ್ಟು ಬಿದ್ರೇನೇ ಈ ಕಾಯಿಲೆ ಬರೋದು ಅಂದ್ರು, ಮುಂದೆ ಅದು ಎರಡೂ ಪ್ರತಿ ಕೆಟ್ಟಾಗ ಅಂತ ಗೊತ್ತಾಯ್ತು. ಬಹಳ ವರ್ಷ ಎಲ್ಲರೂ ಪೆಟ್ಟು ಅಂದ್ರೆ ಮ್ಯುಟೇಶನ್, ಅಂದ್ರೆ ಪಹಣಿ ತಿದ್ದಿದ್ದು ಅಂತಾನೇ ತಿಳ್ಕೊಂಡಿದ್ರು. 1989ರ ಹೊತ್ತಿಗೆ ಅದೇ ಕಣ್ಣಿನ ಕ್ಯಾನ್ಸರಲ್ಲಿ ಅದೇ ಬ್ರೇಕ್ ಜೀನಿನ ಬಾಯಲ್ಲಿ ಮೀಥೈಲ್ ಬೆಣೆಗಳು ಸಿಕ್ಕಿದ್ವು. ಪೆಟ್ಟು ಬೆಣೆ ರೂಪದಲ್ಲೂ ಬೀಳಬಹುದು. 1990ರ ದಶಕದಲ್ಲಿ ಒಂದಾದ್ಮೇಲೊಂದು ಬಂದ್ವು, ಕಿಡ್ನಿ ಕ್ಯಾನ್ಸರಲ್ಲಿ ವಿಎಚ್‌ಎಲ್ ಅನ್ನೋ ಬ್ರೇಕ್ ಜೀನ್, ಬೇಕಾದಷ್ಟು ಕ್ಯಾನ್ಸರಲ್ಲಿ ಪಿ16. ಈ ಪಿ16 ನೆನಪಿಟ್ಕೊಳ್ಳಿ, ಕೋಶ ಒಡೆಯೋದಕ್ಕೆ ಬ್ರೇಕ್ ಹಾಕೋ ಜೀನ್ ಅದು, ಬಾಯಿ ಕ್ಯಾನ್ಸರಲ್ಲೂ, ಅದಕ್ಕೂ ಮುಂಚೆ ಬರೋ ಬಿಳಿ ಮಚ್ಚೇಲೂ ಇದರ ತೂಬು ಮುಚ್ಚಿರೋದು ಸಿಕ್ಕಿದೆ.

ಆದ್ರೆ ಮುಚ್ಚೋದೊಂದೇ ಅಲ್ಲ. ಅದಕ್ಕೂ ಮೊದ್ಲೇ, 1983ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಮತ್ತೆ ಬರ್ಟ್ ವೋಗಲ್‌ಸ್ಟೈನ್ ಕ್ಯಾನ್ಸರ್ ಕೋಶದಲ್ಲಿ ಬೆಣೆಗಳು ಕಮ್ಮಿ ಆಗಿರೋದನ್ನ ಕಂಡಿದ್ರು. ಮೇಲ್ನೋಟಕ್ಕೆ ಗೊಂದಲ, ಜಾಸ್ತಿನಾ ಕಮ್ಮಿನಾ? ಎರಡೂ. ವಿಶ್ವೇಶ್ವರಯ್ಯ ನಾಲೆ ಉದ್ದಕ್ಕೂ ಏರಿ ಒಡೆದು ಬೇಡದ ಕಡೆಗೆಲ್ಲ ನೀರು ಸೋರ್ತಾ ಇರೋವಾಗ್ಲೇ ನಿಮ್ಮೂರಿನ ಒಂದು ತೂಬು ಮಾತ್ರ ಜಡಿದು ಮುಚ್ಚಿದಂಗೆ. ನಮ್ಮ ಡಿಎನ್‌ಎಲಿ ಹತ್ತತ್ರ ಅರ್ಧ ಭಾಗ ಒಂದೇ ಸಾಲು ಮತ್ತೆ ಮತ್ತೆ ಬರೋ ಸರಕು, ಅದ್ರಲ್ಲಿ ಜಾಗದಿಂದ ಜಾಗಕ್ಕೆ ನೆಗೆಯೋ ತುಂಡುಗಳೂ ಇವೆ, ಸುಮಾರು ಎಂಟು ಪರ್ಸೆಂಟು ಲಕ್ಷಾಂತರ ವರ್ಷದ ಹಿಂದೆ ನಮ್ಮ ಪೂರ್ವಜರೊಳಗೆ ಹೊಕ್ಕು ಅಲ್ಲೇ ಉಳ್ಕೊಂಡ ವೈರಸ್‌ಗಳ ಪಳೆಯುಳಿಕೆ. ಇವನ್ನೆಲ್ಲಾ ಬೆಣೆ ಬಡಿದು ಮಲಗಿಸಿಟ್ಟಿರುತ್ತೆ ದೇಹ. ಬೆಣೆ ಕಿತ್ರೆ ಅವು ಏಳ್ತವೆ, ಡಿಎನ್‌ಎ ಕಂತೆಗಳಾದ ಕ್ರೋಮೋಸೋಮ್‌ಗಳ ಗಟ್ಟಿತನ ಹೋಗುತ್ತೆ.

ಹಂಗಾದ್ರೆ ಮ್ಯುಟೇಶನ್ ಕಥೆ ಸುಳ್ಳಾ? ಅಲ್ಲ, ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ, ನಂಗೆ ಅತಿ ಕುತೂಹಲ ಅನ್ಸೋದು ಇದೇ ಜಾಗ. ಎಂಎಲ್‌ಎಚ್1 ಅಂತ ಒಂದು ರಿಪೇರಿ ಜೀನ್ ಇದೆ, ಡಿಎನ್‌ಎ ನಕಲು ಮಾಡುವಾಗಿನ ಕಾಗುಣಿತ ತಪ್ಪು ತಿದ್ದೋದರಲ್ಲಿ ಇದರ ಕೈ ಬೇಕೇ ಬೇಕು. ಕೆಲವು ದೊಡ್ಡಕರುಳಿನ ಕ್ಯಾನ್ಸರಲ್ಲಿ ಈ ಜೀನಲ್ಲಿ ತಪ್ಪೇ ಇರಲ್ಲ, ತೂಬು ಮುಚ್ಚಿರುತ್ತೆ ಅಷ್ಟೇ. ತಿದ್ದೋನೇ ಮಲಗಿದ ಮೇಲೆ ತಪ್ಪುಗಳು ಸಾವಿರಗಟ್ಲೆ ಸೇರ್ಕೊಳ್ತವೆ. ಅಂದ್ರೆ ತೂಬು ಕೆಟ್ಟು ಪಹಣಿ ಕೆಟ್ತು. ಉಲ್ಟಾನೂ ಆಗುತ್ತೆ, ಕೆಲವು ರಕ್ತದ ಕ್ಯಾನ್ಸರಲ್ಲಿ ಬೆಣೆ ಬಡಿಯೋ ಕಿಣ್ವದ ಜೀನಿಗೇ ಮ್ಯುಟೇಶನ್, ಬೆಣೆ ಕೀಳೋ ಕಿಣ್ವದ ಜೀನಿಗೂ ಮ್ಯುಟೇಶನ್, ಅಂದ್ರೆ ನೀರುಗಂಟಿಗೇ ಹುಚ್ಚು ಹಿಡಿದಂಗೆ. ಸಣ್ಣ ಮಕ್ಕಳಿಗೆ ಬರೋ ರ್‍ಯಾಬ್ಡಾಯ್ಡ್ ಅನ್ನೋ ಅಪರೂಪದ ಗಡ್ಡೇಲಂತೂ ಮ್ಯುಟೇಶನ್ ಹುಡುಕಿದ್ರೆ ಬೆರಳೆಣಿಕೆ, ಮುಖ್ಯವಾಗಿ ಒಂದೇ ಒಂದು ಜೀನ್ ಕೆಟ್ಟಿರುತ್ತೆ, ಅದೂ ಡಿಎನ್‌ಎ ಸುತ್ತನ್ನ ಸರಿಸಾಡಿಸೋ ಜೀನು. ಆ ಒಂದು ಕೈ ತಪ್ಪಿದ್ದಕ್ಕೆ ಅಷ್ಟು ಭಯಂಕರ ಕಾಯಿಲೆ.

ಇಲ್ಲಿಗೆ ಮಾವ ಕೇಳಿದ ಪ್ರಶ್ನೆ ಯಾವ ಸೆಮಿನಾರಲ್ಲೂ ಇಷ್ಟ್ ನೇರವಾಗಿ ಕೇಳಿಲ್ಲ. "ಪಹಣಿ ತಿದ್ದಕ್ಕಾಗಲ್ಲ ಸರಿ. ತೂಬು ತೆಗೀಬೌದಲ್ವಾ?"

ತೆಗೀಬಹುದು, ಅಲ್ಪಸ್ವಲ್ಪ. ಅಜಾಸಿಟಿಡಿನ್ ಅಂತ ಒಂದು ಔಷಧಿ, 1960ರ ದಶಕದಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ತಯಾರಾಗಿದ್ದು. ಕ್ಯಾನ್ಸರ್ ಕೊಲ್ಲೋ ವಿಷ ಅಂತ ಅದನ್ನ ಜಾಸ್ತಿ ಡೋಸಲ್ಲಿ ಕೊಟ್ರು, ರೋಗಿಗಳು ತಡ್ಕೊಳ್ಳಲಿಲ್ಲ. 1980ರ ಹೊತ್ತಿಗೆ ಪೀಟರ್ ಜೋನ್ಸ್ ಮತ್ತೆ ಶರ್ಲಿ ಟೇಲರ್ ಇದನ್ನ ಇಲಿ ಕೋಶಗಳಿಗೆ ಹಾಕಿದಾಗ ಮಾಂಸಖಂಡದ್ದಲ್ಲದ ಕೋಶಗಳು ಮಾಂಸಖಂಡ ಆಗೋದು ಕಂಡು ಏನಿದು ಅಂತ ಬೆನ್ನುಹತ್ತಿದ್ರು, ಇದು ಮೀಥೈಲ್ ಬೆಣೆ ಬಡಿಯೋ ಕಿಣ್ವವನ್ನೇ ಡಿಎನ್‌ಎಗೆ ಅಂಟಿಸಿ ನಿಲ್ಲಿಸಿಬಿಡುತ್ತೆ ಅಂತ ಗೊತ್ತಾಯ್ತು. ಅಂದ್ರೆ ಕೊಲ್ಲೋ ಡೋಸೇ ಬೇಡ, ಕಮ್ಮಿ ಡೋಸಲ್ಲಿ ಕೋಶ ಒಡೆದಂಗೆಲ್ಲ ಬೆಣೆ ಕಳಚ್ತಾ ಬರುತ್ತೆ. 2004ರಲ್ಲಿ ಅಮೆರಿಕದಲ್ಲಿ ಎಂಡಿಎಸ್ ಅನ್ನೋ ಮೂಳೆಮಜ್ಜೆ ಕಾಯಿಲೆಗೆ ಒಪ್ಪಿಗೆ ಸಿಕ್ತು, ಆ ಕಾಯಿಲೆ ಮುಂದೆ ರಕ್ತದ ಕ್ಯಾನ್ಸರಾಗಿ ತಿರುಗಬಹುದು. 28 ದಿನಕ್ಕೊಂದು ಸುತ್ತು, ಅದ್ರಲ್ಲಿ ಏಳು ದಿನ ಇಂಜೆಕ್ಷನ್. 2009ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಹೆಚ್ಚು ಅಪಾಯದ ಎಂಡಿಎಸ್ ರೋಗಿಗಳಲ್ಲಿ ಅರ್ಧ ಜನ ದಾಟಿದ ಆಯಸ್ಸು ಬೇರೆ ಚಿಕಿತ್ಸೇಲಿ 15 ತಿಂಗಳಿದ್ದಿದ್ದು ಇದ್ರಲ್ಲಿ 24.5 ತಿಂಗಳಾಯ್ತು. ವಾಸಿ ಆಯ್ತು ಅಂತಲ್ಲ, ಒಂಬತ್ತೂವರೆ ತಿಂಗಳು ಸಿಕ್ತು ಅಂತ. ಮನೇಲಿ ಕಾಯಿಲೆಯವರಿದ್ದೋರಿಗೆ ಒಂಬತ್ತೂವರೆ ತಿಂಗಳಂದ್ರೇನು ಅಂತ ಗೊತ್ತಿರುತ್ತೆ.

ಇದ್ರಲ್ಲೊಂದು ತಮಾಷೆ ಇದೆ. ಮೇಲೆ ಹೇಳಿದ್ನಲ್ಲ ಮಲಗಿರೋ ಹಳೇ ವೈರಸ್ ತುಂಡುಗಳು, ಈ ಔಷಧಿ ಅವುಗಳ ಬೆಣೇನೂ ಕೀಳುತ್ತೆ, ಅವು ಎದ್ದು ಕೂತಾಗ ಕ್ಯಾನ್ಸರ್ ಕೋಶ ತನಗೆ ವೈರಸ್ ತಗುಲಿದೆ ಅಂತ ಗಾಬರಿಬಿದ್ದು ಕೂಗು ಹಾಕುತ್ತೆ, ರೋಗನಿರೋಧಕ ಪಡೆ ಎಚ್ಚರ ಆಗುತ್ತೆ. 2015ರಲ್ಲಿ ಎರಡು ತಂಡಗಳು ಇದನ್ನ ತೋರಿಸಿದ್ವು. ಅಂದ್ರೆ ಔಷಧಿ ಕೆಲಸ ಮಾಡೋದು ನಾವಂದುಕೊಂಡ ತೂಬು ತೆಗೆದಿದ್ದಕ್ಕೆ ಮಾತ್ರ ಅಲ್ಲ, ಕಳ್ಳನ ಮನೇಲೇ ಗಂಟೆ ಬಾರಿಸಿದ್ದಕ್ಕೂ ಇರಬಹುದು.

ಮಿತಿಯೂ ಅಲ್ಲೇ ಇದೆ. ಈ ಔಷಧಿಗೆ ಯಾವ ತೂಬು ತೆಗೀಬೇಕು ಯಾವುದು ಬಿಡಬೇಕು ಅನ್ನೋ ವಿವೇಚನೆ ಇಲ್ಲ, ನಾಲೆ ಉದ್ದಕ್ಕೂ ಸಿಕ್ಕಿದ್ದೆಲ್ಲಾ ಕೀಳ್ತಾ ಹೋಗುತ್ತೆ. ರಕ್ತದ ಕಾಯಿಲೆಗಳಲ್ಲಿ ಉಪಯೋಗ ಆದಷ್ಟು ಗಟ್ಟಿ ಗಡ್ಡೆಗಳಲ್ಲಿ ಆಗಿಲ್ಲ. ಹಿಸ್ಟೋನ್ ಬಿಗಿ ಸಡಿಲಿಸೋ ಔಷಧಿಗಳೂ ಇವೆ, ವೊರಿನೋಸ್ಟ್ಯಾಟ್ ಅಂತ, ಚರ್ಮದಲ್ಲಿ ಕಾಣಿಸ್ಕೊಳ್ಳೋ ಲಿಂಫೋಮಾ ಅನ್ನೋ ಒಂದು ಥರ ಕ್ಯಾನ್ಸರ್‌ಗೆ 2006ರಿಂದ ಇದೆ.

ಈಗ ತಡೆಗಟ್ಟೋ ವಿಷಯ, ಇಲ್ಲಿ ನಂಗೆ ಸ್ವಲ್ಪ ಸಿಟ್ಟೂ ಇದೆ. ತೂಬು ಬದಲಾಯಿಸ್ಬಹುದು ಅಂತ ಗೊತ್ತಾಗಿದ್ದೇ ತಡ ಅದನ್ನ ಮಾರೋಕೆ ಜನ ನಿಂತುಬಿಟ್ರು. ಅರಿಶಿನದ ಮಾತ್ರೆ, ಗ್ರೀನ್ ಟೀ ಮಾತ್ರೆ, ಜೀನ್ ಆನ್ ಮಾಡೋ ಪೌಡರ್ರು. ಲ್ಯಾಬಿನ ತಟ್ಟೇಲಿರೋ ಕೋಶದ ಮೇಲೆ ಅರಿಶಿನದ ಕರ್ಕ್ಯುಮಿನ್ ಸುರಿದ್ರೆ ಗುರುತುಗಳು ಬದಲಾಗೋದು ನಿಜ, ಆದ್ರೆ ಅದು ನಮ್ಮ ಹೊಟ್ಟೆಯಿಂದ ರಕ್ತಕ್ಕೆ ಸೇರೋದೇ ತೀರಾ ಕಮ್ಮಿ. ಇಲಿಗಳ ಕಥೆ ಇನ್ನೂ ಆಸೆ ಹುಟ್ಟಿಸುತ್ತೆ, 2003ರಲ್ಲಿ ಅಮೆರಿಕದಲ್ಲಿ ಹಳದಿ ಮೈಬಣ್ಣದ, ದಪ್ಪ ಆಗೋ, ಗಡ್ಡೆ ಬೇಗ ಬರೋ ತಳಿಯ ಮರಿಗಳು ಗರ್ಭದಲ್ಲಿದ್ದಾಗ ತಾಯಿ ಇಲಿಗೆ ಫೋಲಿಕ್ ಆಸಿಡ್, ಬಿ12 ಥರದ್ದೆಲ್ಲ ಜಾಸ್ತಿ ತಿನ್ನಿಸಿದ್ರೆ ಕಂದು ಬಣ್ಣದ ಮರಿಗಳು ಹೆಚ್ಚಾಗಿ ಹುಟ್ಟಿದ್ವು, ಆ ಜೀನಿನ ಮೇಲೆ ಬೆಣೆ ಜಾಸ್ತಿ ಬಿದ್ದಿತ್ತು. ಸರಿ, ಮನುಷ್ಯರಿಗೂ ಕೊಡೋಣ ಅಂತ ಕರುಳಲ್ಲಿ ಸಣ್ಣ ಗಂಟು ತೆಗೆಸ್ಕೊಂಡಿದ್ದ ಸಾವಿರ ಚಿಲ್ರೆ ಜನರ ಮೇಲೆ ದಿನಕ್ಕೆ ಒಂದು ಮಿಲಿಗ್ರಾಂ ಫೋಲಿಕ್ ಆಸಿಡ್ ಪ್ರಯೋಗ ಮಾಡಿದ್ರು, 2007ರಲ್ಲಿ ಫಲಿತಾಂಶ ಬಂತು, ಗಂಟು ಬರೋದು ಕಮ್ಮಿ ಆಗ್ಲಿಲ್ಲ, ಅಪಾಯದ ಗಂಟು ಸ್ವಲ್ಪ ಜಾಸ್ತಿ ಆಗಿರಬಹುದು ಅನ್ನೋ ಅನುಮಾನ ಬೇರೆ. ಯಾಕಂದ್ರೆ ಬೆಣೆಗೆ ಬೇಕಾದ ಸರಕು ಸುರಿದ್ರೆ ಅದು ಯಾವ ತೂಬಿಗೆ ಹೋಗಿ ಬೀಳುತ್ತೆ ಅಂತ ನೀವು ಹೇಳಕ್ಕಾಗಲ್ಲ, ಅಲ್ದೆ ಒಡೀತಿರೋ ಕೋಶಕ್ಕೂ ಫೋಲಿಕ್ ಆಸಿಡ್ ಬೇಕು. (ಬಸುರಿಯರಿಗೆ ಡಾಕ್ಟರ್ ಕೊಡೋ ಫೋಲಿಕ್ ಆಸಿಡ್ ಬೇರೆ ವಿಷಯ, ಅದು ಮಗುವಿನ ಬೆನ್ನುಹುರಿಗೆ, ದಯವಿಟ್ಟು ನಿಲ್ಲಿಸ್ಬೇಡಿ.) ಬಸ್ಸಾರು, ಉಪ್ಸಾರು, ಮೆಂತ್ಯೆ ಸೊಪ್ಪು ದಂಟಿನ ಸೊಪ್ಪು ಚೆನ್ನಾಗಿ ತಿನ್ನಿ, ಅದು ಊಟ, ಔಷಧಿ ಅಂತ ಮಾರಕ್ಕೆ ಬಂದೋರಿಗೆ ದುಡ್ಡು ಕೊಡ್ಬೇಡಿ.

ತೂಬು ಕೆಡಿಸೋದು ಯಾವುದು ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿದೆ. ಬಹಳ ದಿನ ಉರಿಯೂತ ಇದ್ದ ಕಡೆ ಬೆಣೆಗಳು ದಾರಿ ತಪ್ಪಿ ಬೀಳ್ತವೆ. ಹೊಟ್ಟೇಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ವರ್ಷಾನುಗಟ್ಲೆ ಕೂತ್ರೆ ಜಠರದ ಒಳಪದರದಲ್ಲಿ ಮೀಥೈಲ್ ಗುರುತು ಏರುತ್ತೆ, ಆಂಟಿಬಯಾಟಿಕ್ ಕೊಟ್ಟು ಅದನ್ನ ಓಡಿಸಿದ್ರೆ ಇಳಿಯುತ್ತೆ, ಆದ್ರೆ ಯಾವತ್ತೂ ಸೋಂಕೇ ಆಗ್ದೇ ಇದ್ದವರ ಮಟ್ಟಕ್ಕೆ ಇಳಿಯಲ್ಲ. ಬೀಡಿ ಸಿಗರೇಟು ಸೇದೋರ ರಕ್ತದಲ್ಲಿ ಕೆಲವು ಜಾಗದ ಗುರುತು ಎಷ್ಟು ಸ್ಪಷ್ಟವಾಗಿ ಬದಲಾಗಿರುತ್ತೆ ಅಂದ್ರೆ ಬರೀ ರಕ್ತ ನೋಡಿ ಇವ್ರು ಸೇದ್ತಾರೆ ಅಂತ ಅಂದಾಜಿಸ್ಬಹುದು. ಬಿಟ್ಟ ಮೇಲೆ ಹೆಚ್ಚಿನ ಗುರುತುಗಳು ಐದು ವರ್ಷದೊಳಗೆ ವಾಪಸ್ ಬರ್ತವೆ, ಕೆಲವು ಮೂವತ್ತು ವರ್ಷ ಆದ್ರೂ ಬರಲ್ಲ. ನಮ್ಮ ಹುಣಸೂರು ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆದು ಮಕ್ಕಳನ್ನ ಓದಿಸಿದೋರು ನೆಂಟರಲ್ಲೇ ಇದ್ದಾರೆ, ಅವರ ಮುಂದೆ ಇದನ್ನ ಹೇಳೋದು ಕಷ್ಟ, ಆದ್ರೂ ಹೇಳ್ಬೇಕು.

ಎಲೆ ಅಡಿಕೆ ವಿಷಯಕ್ಕೆ ಬಂದ್ರೆ ಎಲೆ ಮೇಲೆ ಕೇಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದೀಲಿ ಹೊಗೆಸೊಪ್ಪು ಇಲ್ದಿದ್ರೂ ಬರೀ ಅಡಿಕೆನೇ ಕ್ಯಾನ್ಸರ್‌ಕಾರಕ ಅಂತ ಮೊದಲ ದರ್ಜೆಗೆ ಹಾಕಿದೆ. ಇದನ್ನ ಕೇಳಿ ಮಾವಂಗೆ ಹೊಗೆಸೊಪ್ಪಿಗಿಂತ ಜಾಸ್ತಿ ಬೇಜಾರಾಯ್ತು. "ಅಡಿಕೆ ಇಲ್ದೆ ಮದ್ವೆ ಎಂಗ್ಲಾ ಮಾಡದು?" ತಟ್ಟೇಲಿಡಿ, ದವಡೇಲಿ ಇಡ್ಬೇಡಿ ಅಂದೆ.

ಆಮೇಲೆ ಕೇಳಿದ್ರು, "ಅಂಗಾರೆ ನನ್ ಬಾಯೊಳ್ಗೆ ತೂಬು ಕೆಟ್ಟದಾ ಇಲ್ವಾ ಅಂತ ನೋಡಕ್ಕಾಯ್ತದಾ?" ದೊಡ್ಡಕರುಳಿನ ಕ್ಯಾನ್ಸರ್‌ಗೆ ಇಂಥ ಪರೀಕ್ಷೆಗಳು ಅಮೆರಿಕದಲ್ಲಿ ಬಂದಿವೆ, 2014ರಲ್ಲಿ ಮಲದಲ್ಲಿ ಮೀಥೈಲ್ ಗುರುತು ಹುಡುಕೋದು, 2016ರಲ್ಲಿ ರಕ್ತದಲ್ಲಿ. ಬಾಯಿಗೆ ಅಷ್ಟೆಲ್ಲಾ ಕಾಯ್ಬೇಕಿಲ್ಲ, ಬಾಯಿ ತೆಗೆದ್ರೆ ಕಾಣುತ್ತೆ. ಮೂವತ್ತು ದಾಟಿದೋರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ತಪಾಸಣೆ ಮಾಡೋ ಕಾರ್ಯಕ್ರಮ ಇದೆ, ದುಡ್ಡಿಲ್ಲ. ಎರಡು ವಾರ ಆದ್ರೂ ಮಾಯದ ಹುಣ್ಣು, ಒರೆಸಿದ್ರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಮೊದಲಿನಷ್ಟು ಅಗಲ ತೆಗೆಯಕ್ಕಾಗ್ದೆ ಬಿಗಿಯೋದು, ಇಷ್ಟು ಕಂಡ್ರೆ ಹೋಗ್ಬೇಕು.

ಮೊಬೈಲ್ ಟಾರ್ಚ್ ಹಾಕಿ ನೋಡ್ದೆ. ಎಡಗೆನ್ನೆ ಒಳಗಡೆ, ಸರಿಯಾಗಿ ಹೊಗೆಸೊಪ್ಪು ಇಡೋ ಜಾಗದಲ್ಲಿ, ಹುಣಸೆ ಬೀಜದಷ್ಟು ಬಿಳಿ ಮಚ್ಚೆ. ಅತ್ತೆ ನೋಡಿ ಸುಮ್ನಾದ್ರು. ಮಾರನೇ ವಾರ ಮೈಸೂರಿಗೆ ಕರ್ಕೊಂಡ್ ಬಂದು ತೋರಿಸಿದ್ವಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ಕ್ಯಾನ್ಸರ್ ಅಲ್ಲ, ಆದ್ರೆ ಕೋಶಗಳು ಅಲ್ಲಲ್ಲಿ ಲೈನ್ ತಪ್ಪೋಕೆ ಶುರುಮಾಡಿವೆ, ಮೂರು ತಿಂಗಳಿಗೊಂದ್ಸಲ ಬಂದು ತೋರಿಸ್ಬೇಕು ಅಂತ ಬರೆದುಕೊಟ್ಟಿದ್ದಾರೆ.

ಹೊಗೆಸೊಪ್ಪು ಅವತ್ತೇ ಬಿಟ್ರು. ಈಗ ಎಲೆಗೆ ಲವಂಗ ಇಟ್ಕೊಂಡು ಅಗೀತಾರೆ, ದನ ಸೊಪ್ಪು ಮೇಯ್ದಂಗೆ ಆಯ್ತದೆ ಅಂತ ನಂಗೆ ಫೋನ್ ಮಾಡಿ ಬೈತಾರೆ. ಅಡಿಕೆನೂ ಬಿಟ್ರಾ ಅಂತ ಅತ್ತೇನ ಕೇಳಿದ್ರೆ, ಸಂಚೀಲಿಲ್ಲ ಕಣಪ್ಪ, ಪಂಪ್‌ಸೆಟ್ ಮನೇಲಿ ಏನೈತೋ ನಂಗೊತ್ತಿಲ್ಲ ಅಂತಾರೆ.